ಅತ್ತಿಗೆಯ ಚಿಗುರುಗೆಂಪು

ಮೊನ್ನೆ ಸಂಜೆ ಕರೆಂಟು ಹೋಯಿತು. ಕರೆಂಟು ಹೋದದ್ದೇ ಗೊತ್ತಾಗದಂತೆ ಮಾಡುತ್ತದೆ ಎಂದು ಹೇಳಿ ಅಂಗಡಿಯವನು ನಮಗೊಂದು ಯುಪಿಎಸ್ ಕೊಟ್ಟಿದ್ದ. ಅದು ಕೂಡ ಸರಿಯಾಗಿ ಅದೇ ಹೊತ್ತಿಗೆ ಕೈಕೊಟ್ಟಿತು. ಆ ಅಂಗಡಿಯವನ ಮೇಲೆ ನನಗೆ ಮೊದಲ ದಿನದಿಂದಲೂ ಅನುಮಾನವಿತ್ತು ಅನ್ನುವುದು ಬೇರೆ ಮಾತು. ಕತ್ತಲಲ್ಲಿ ತಡಕಾಡುತ್ತ ಮೇಜಿನ ಡ್ರಾಯರಿಗೆ ಕೈಹಾಕಿದೆ. ಯಾವ ಬೀಗದ್ದೋ ಗೊತ್ತಿಲ್ಲದ ನಾಲ್ಕು ಬೀಗದಕೈ, ಒಂದು ತಾಮ್ರದ ಉದ್ಧರಣೆ, ತುಕ್ಕು ಹಿಡಿದ ಕತ್ತರಿ, ಆಮೇಲೆ ಕಾಗದದಲ್ಲಿ ಸುತ್ತಿದ ಗಿಡ್ಡನೆಯ ಏನೋ ಒಂದು ಸಿಕ್ಕಿತು. ಅದನ್ನು ಬಿಚ್ಚುವ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

ನೀವು ನಗಬೇಡಿ. ಇದು ನಮ್ಮ ಮನೆತನದ ಚಾಳಿ. ತಿಪಟೂರು, ತುರುವೇಕೆರೆ ಕಡೆಯ ಉಂಡೆ ಕೊಬ್ಬರಿ ಆಗುವುದು ಹೇಗೆ ಎಂದು ನಿಮಗೆ ಗೊತ್ತಿರಬಹುದು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯಬೇಕಾದರೆ ಒಂದೇ ದಾರಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಲೊಟಲೊಟ ಎಂದರೆ ಆಗಿದೆ. ಸುಮ್ಮನಿದ್ದರೆ ಇನ್ನೂ ಆಗಿಲ್ಲ, ಅಥವಾ ಒಳಗೆ ಕೊಳೆತಿದೆ. ನಮ್ಮಪ್ಪ ಐವತ್ತು ವರ್ಷ ಇದನ್ನೇ ಮಾಡಿದವರು. ಹೀಗಾಗಿ ಅವರು ಯಾವುದನ್ನೂ ಹೊರಗಿನಿಂದ ನೋಡಿ ನಂಬುತ್ತಿರಲಿಲ್ಲ. ಅಂಗಡಿಯಿಂದ ತಂದ ಬೆಂಕಿಪೊಟ್ಟಣವನ್ನೂ ಅಲ್ಲಾಡಿಸುತ್ತಿದ್ದರು. ನನ್ನನ್ನು ನೋಡಲು ಬಂದ ಮೊದಲ ಗಂಡನ್ನು ಅವರು ಅಂಗಳದಲ್ಲಿ ಭುಜ ಹಿಡಿದು ಮಾತಾಡಿಸಿದ ರೀತಿಗೆ, ಎಲ್ಲಿ ಅವನನ್ನೂ ಅಲ್ಲಾಡಿಸಿಬಿಡುತ್ತಾರೋ ಎಂದು ನಾನು ಕಿಟಕಿಯಲ್ಲಿ ನಿಂತು ಹೆದರಿದ್ದೆ. ಅಮ್ಮನೂ ಕಡಿಮೆಯಿರಲಿಲ್ಲ. ಹಾಲಿನವಳ ಹಾಲನ್ನು ಹೆಬ್ಬೆರಳಿನ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು, ಅದು ನಿಲ್ಲುತ್ತದೋ ಹರಿಯುತ್ತದೋ ನೋಡಿದ ಮೇಲೇ ಪಾತ್ರೆ ಒಡ್ಡುತ್ತಿದ್ದಳು. ಆ ಹಾಲಿನವಳು ಹದಿನೆಂಟು ವರ್ಷ ನಮ್ಮ ಮನೆಗೆ ಹಾಲು ಹಾಕಿದಳು. ಹದಿನೆಂಟು ವರ್ಷವೂ ಈ ಪರೀಕ್ಷೆ ನಡೆಯಿತು.

ಅಂಥ ಇಬ್ಬರಿಗೆ ಹುಟ್ಟಿದವಳು ನಾನು. ನನ್ನಿಂದ ನೀವು ಏನನ್ನು ನಿರೀಕ್ಷಿಸುತ್ತೀರಿ?

ಕಾಗದ ಬಿಚ್ಚಿದರೆ ಒಳಗಿದ್ದದ್ದು ಹೆಬ್ಬೆರಳುದ್ದದ ಒಂದು ಮೇಣದಬತ್ತಿಯ ತುಂಡು. ಮೊಬೈಲಿನ ಬೆಳಕಿನಲ್ಲಿ ನೋಡಿದೆ. ಮಾವಿನ ಮರ ಚಿಗುರಿದಾಗ ಎಲೆ ಹಸಿರಾಗುವ ಮೊದಲು ನಾಲ್ಕೈದು ದಿನ ಒಂದು ಬಣ್ಣದಲ್ಲಿರುತ್ತದಲ್ಲ, ಕೆಂಪೂ ಅಲ್ಲ, ತಾಮ್ರವೂ ಅಲ್ಲ, ಅದೇ ಬಣ್ಣ. ನಲವತ್ತು ವರ್ಷವಾದರೂ ಮಾಸಿರಲಿಲ್ಲ. ಮೂಗಿಗೆ ಹಿಡಿದೆ. ಹಳೆಯ ಕೊಬ್ಬರಿ ಎಣ್ಣೆಯ ವಾಸನೆ ಸಣ್ಣಗೆ ಇನ್ನೂ ಇತ್ತು. ಅದನ್ನು ಹಚ್ಚಲು ಮನಸ್ಸಾಗಲಿಲ್ಲ. ಕರೆಂಟು ಬರುವವರೆಗೆ ಕತ್ತಲಲ್ಲೇ ಕುಳಿತೆ.

ಎಂಬತ್ತರ ಆಸುಪಾಸಿನ ಮಾತು. ನಮ್ಮ ಊರು ತುರುವೇಕೆರೆಗೂ ಅಮ್ಮಸಂದ್ರಕ್ಕೂ ನಡುವೆ, ಬಸ್ಸು ನಿಂತರೆ ನಿಂತಿತು ಎನ್ನುವಂಥದ್ದು. ಆಗ ಕರೆಂಟು ಇರುತ್ತಿದ್ದುದಕ್ಕಿಂತ ಹೋಗಿರುತ್ತಿದ್ದುದೇ ಹೆಚ್ಚು. ಹೆಂಗಸರು ಮನೆಯಲ್ಲೇ ಮೇಣದಬತ್ತಿ ಮಾಡಲಿ ಎಂದು ತುರುವೇಕೆರೆಯ ಮಹಿಳಾ ಮಂಡಳಿಯಲ್ಲಿ ಹತ್ತು ದಿನದ ತರಬೇತಿ ಇಟ್ಟರು. ನಾನು ಪಿಯುಸಿ ಮುಗಿಸಿ, ಮದುವೆಯೂ ಆಗದೆ, ಓದೂ ಮುಂದುವರಿಯದೆ ಮನೆಯಲ್ಲಿ ನೊಣ ಹೊಡೆಯುತ್ತಿದ್ದವಳು ಹೋಗಿ ಸೇರಿಕೊಂಡೆ. ತುಮಕೂರಿನಿಂದ ಒಬ್ಬ ಟೀಚರು ಬಂದು ಕಲಿಸುತ್ತಿದ್ದರು. ಅವರು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೇಣವನ್ನು ನೇರವಾಗಿ ಉರಿಗೆ ಇಡಬಾರದು, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಬಿಸಿ ಮೇಣದ ಬಣ್ಣವನ್ನು ನಂಬಬಾರದು, ಒಂದು ತೊಟ್ಟನ್ನು ಬಿಳಿ ತಟ್ಟೆಯ ಮೇಲೆ ಬಿಟ್ಟು ಆರಿದ ಮೇಲೆ ನೋಡಬೇಕು. ಈ ಮಾತು ನನಗೆ ತುಂಬ ಹಿಡಿಸಿತು. ಆಮೇಲೆ ಇನ್ನೊಂದು: ಅಚ್ಚಿಗೆ ಎಣ್ಣೆ ಸವರಬೇಕು, ಆದರೆ ಮೇಣಕ್ಕೆ ಮಾತ್ರ ಒಂದು ಹನಿ ಎಣ್ಣೆಯೂ ಬೀಳಬಾರದು, ಬತ್ತಿ ಮೆತ್ತಗಾಗುತ್ತದೆ. ಇದರ ಕೆಳಗೆ ಎರಡು ಗೆರೆ ಎಳೆದಿದ್ದೆ.

ತರಬೇತಿ ಮುಗಿದಾಗ ಒಂದು ಅಲ್ಯೂಮಿನಿಯಂ ಅಚ್ಚು, ಬಿಳಿ ಮೇಣದ ಗಟ್ಟಿ, ಕೆಂಪು, ಹಳದಿ, ನೀಲಿ ಬಣ್ಣದ ಮೂರು ಪೊಟ್ಟಣ ಕೊಟ್ಟರು. ಬಚ್ಚಲುಮನೆಯಲ್ಲಿ ಹಂಡೆ ಒಲೆಯ ಪಕ್ಕದಲ್ಲಿ ನಮ್ಮ ಕಾರ್ಖಾನೆ ಶುರುವಾಯಿತು. ನಮ್ಮ ಎಂದರೆ ನನ್ನದು ಮತ್ತು ಅತ್ತಿಗೆಯದು.

ಅತ್ತಿಗೆ ನಾಗರತ್ನ ಹುಳಿಯಾರಿನ ಹತ್ತಿರದ ಕೆಂಕೆರೆಯಿಂದ ಅಣ್ಣನನ್ನು ಮದುವೆಯಾಗಿ ಬಂದು ಆಗ ಮೂರು ವರ್ಷ. ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ನಾವಿಬ್ಬರೂ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆವು, ಒಬ್ಬರ ರವಿಕೆಯನ್ನು ಇನ್ನೊಬ್ಬರು ಹಾಕಿಕೊಳ್ಳುತ್ತಿದ್ದೆವು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅವಳು ತಟ್ಟೆ ಹಾಕಿಕೊಂಡು ಕೂತಾಗ ನಾನು ಪಕ್ಕದಲ್ಲಿ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದೆ. ಅವಳ ತಟ್ಟೆಯಲ್ಲಿ ಏನಿತ್ತು ಎಂದು ನಾನು ಯಾವತ್ತೂ ನೋಡಿದ ನೆನಪಿಲ್ಲ. ಇಷ್ಟೆಲ್ಲ ಅನುಮಾನದಿಂದ ನೋಡುವ ಕಣ್ಣು ನೋಡಬೇಕಾದ ಒಂದು ಕಡೆ ಮಾತ್ರ ನೋಡಲಿಲ್ಲ.

ಬಿಳಿ ಬತ್ತಿ ಮಾಡಿ ಮಾಡಿ ಕೈ ಕುದುರಿತು. ಅಷ್ಟರಲ್ಲಿ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಕಾಲೋನಿಯಿಂದ ಒಬ್ಬ ಆಫೀಸರರ ಹೆಂಡತಿ ಮಹಿಳಾ ಮಂಡಳಿಗೆ ಬಂದರು. ಕರಾವಳಿ ಕಡೆಯವರು, ಒಳ್ಳೆಯ ಹೆಂಗಸು. ನಾವು ಅವರನ್ನು ಕಾಲೋನಿ ಮೇಡಂ ಎನ್ನುತ್ತಿದ್ದೆವು. ಅವರ ಮನೆಯ ಊಟದ ಕೋಣೆಗೆ ಹೊಸ ಪರದೆ ಹಾಕಿಸಿದ್ದರಂತೆ. ಅದೇ ಬಣ್ಣದ ಮೇಣದಬತ್ತಿ ಬೇಕು, ಅಂಗಡಿಯಲ್ಲಿ ಎಲ್ಲೂ ಸಿಗುತ್ತಿಲ್ಲ ಎಂದು ಪರದೆಯ ಅಂಚಿನ ಒಂದು ಚೂರು ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಬಟ್ಟೆ ತಂದು ಅತ್ತಿಗೆಗೆ ತೋರಿಸಿದೆ.

"ಇದು ಮಾವಿನ ಚಿಗುರು ಕಣಮ್ಮ ಸರೋಜ," ಎಂದಳು ಅವಳು. "ನಮ್ಮೂರ್ ತೋಟದ ಬೇಲಿ ತಾವ ಇಂಥದೇ ಮರ ಐತೆ."

ಬಣ್ಣ ಬೆರೆಸುವುದು ಎಂದರೆ ನಿಮಗೆ ಚಿತ್ರ ಬರೆಯುವವರ ಹಾಗೆ ಕಾಣಬಹುದು. ಹಾಗಲ್ಲ. ಚಿಟಿಕೆಯ ಲೆಕ್ಕ, ಸಾಸಿವೆಕಾಳಿನ ಲೆಕ್ಕ. ನೀಲಿ ಒಂದು ಸಾಸಿವೆಯಷ್ಟು ಹೆಚ್ಚಾದರೆ ಬತ್ತಿ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತದೆ. ನಾವು ಕರಟದಲ್ಲಿ ಬಣ್ಣದ ಪುಡಿಯನ್ನು ಹಾಕಿ, ನುಣುಪಾದ ಒಂದು ಕಲ್ಲಿನಿಂದ ಅರೆದು, ಆಮೇಲೆ ಸ್ವಲ್ಪ ಬಿಸಿ ಮೇಣ ಬಿಟ್ಟು ಕದಡಿ, ಬಟ್ಟೆಯಲ್ಲಿ ಸೋಸಿ ದೊಡ್ಡ ಪಾತ್ರೆಗೆ ಸುರಿಯುತ್ತಿದ್ದೆವು. ಹೀಗೆ ಬೆರೆಸಿ ನೋಡುವಷ್ಟರಲ್ಲೇ ಹಳದಿ ಪೊಟ್ಟಣ ಮುಗಿಯಿತು. ಹಳದಿಗೇನು ಬರವೇ ಎಂದು ಅಡುಗೆಮನೆಯ ಅರಿಸಿನವನ್ನೇ ಬಳಸಿದೆವು. ಅದು ಮೇಣದಲ್ಲಿ ಕರಗದೆ ತಳಕ್ಕೆ ಇಳಿಯಿತು. ಬತ್ತಿ ಮೇಲೆಲ್ಲ ಕೆಂಪು, ಕೆಳಗೆ ಹಳದಿ ಮಡ್ಡಿ. ಎರಡು ದಿನ ಹೀಗೇ ಹೋಯಿತು. ತರಬೇತಿ ಪಡೆದವಳು ನಾನು, ನೋಟ್‌ಬುಕ್ಕು ನನ್ನದು, ಆದರೂ ಬಣ್ಣ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅತ್ತಿಗೆ ಒಬ್ಬಳೇ ಬಚ್ಚಲುಮನೆಯಲ್ಲಿದ್ದಳು. ನಾನು ಸದ್ದಿಲ್ಲದೆ ಒಳಗೆ ಹೋದೆ. ಅವಳು ಬೆಚ್ಚಿದಳು. ಕರಟದೊಳಗೆ ಕೈಯಿಟ್ಟು ರಭಸದಿಂದ ಅರೆಯತೊಡಗಿದಳು. "ಏನ್ ಅತ್ತಿಗೆ, ಬಂತಾ ಬಣ್ಣ?" ಎಂದರೆ ಬಾಯಿ ಬಿಡಲಿಲ್ಲ, ತಲೆ ಮಾತ್ರ ಆಡಿಸಿದಳು. ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಸುರಿದಳು. ನಾನು ಒಂದು ತೊಟ್ಟನ್ನು ತಟ್ಟೆಯ ಮೇಲೆ ಬಿಟ್ಟು, ಆರಿದ ಮೇಲೆ ಪಕ್ಕದಲ್ಲಿ ಪರದೆಯ ಚೂರು ಇಟ್ಟು ನೋಡಿದೆ. ಯಾವುದು ಬಟ್ಟೆ, ಯಾವುದು ಮೇಣ ಎನ್ನುವಂತಿತ್ತು.

"ಎಷ್ಟೆಷ್ಟು ಹಾಕಿದ್ರಿ?" ಎಂದು ನೋಟ್‌ಬುಕ್ಕು ತೆರೆದೆ.

ಅವಳು ಎಂಜಲು ನುಂಗಿ, "ಕೆಂಪು ಎರಡು ಚಿಟಿಕೆ, ಅರಿಸಿನ ಒಂದು ಚಿಟಿಕೆ, ನೀಲಿ ಒಂದು ಸಾಸ್ವೆಯಷ್ಟು," ಎಂದಳು.

"ಅಷ್ಟೇನಾ?"

"ಅಷ್ಟೇ ಕಣಮ್ಮ."

ಬರೆದುಕೊಂಡೆ. ಒಂದು ಡಜನ್ ಬತ್ತಿ ಕಾಲೋನಿಗೆ ಹೋಯಿತು. ಮೇಡಂಗೆ ಎಷ್ಟು ಖುಷಿಯಾಯಿತೆಂದರೆ ಅವರೇ ಜೀಪಿನಲ್ಲಿ ನಮ್ಮ ಮನೆಗೆ ಬಂದರು. ಬಣ್ಣದ ಜೊತೆಗೆ ವಾಸನೆಯೂ ಚೆನ್ನಾಗಿದೆ, ಉರಿಸಿದಾಗ ನಮ್ಮ ಅಜ್ಜಿಯ ಮನೆಯ ನೆನಪಾಯಿತು ಎಂದರು. ವಾಸನೆಯೇ? ನಾವು ಮುಖ ಮುಖ ನೋಡಿಕೊಂಡೆವು. ನಮಗೆ ಯಾವ ವಾಸನೆಯೂ ಬಂದಿರಲಿಲ್ಲ. ಅಟ್ಟದ ತುಂಬ ಕಾಯಿ, ಅಂಗಳದ ತುಂಬ ಕೊಬ್ಬರಿ, ತಲೆಗೆ ಎಣ್ಣೆ, ಒಲೆಗೆ ಕರಟ ಇರುವ ಮನೆಯಲ್ಲಿ ಹುಟ್ಟಿ ಬೆಳೆದವರ ಮೂಗಿಗೆ ಕೊಬ್ಬರಿಯ ವಾಸನೆ ಎಂದರೆ ಗಾಳಿಯಷ್ಟೇ. ಅದನ್ನು ಹೇಳಲು ಹೊರಗಿನವರೇ ಬರಬೇಕು.

ಇನ್ನು ನಾಲ್ಕು ಡಜನ್ ಬೇಕೆಂದರು. ಅದಕ್ಕಿಂತ ದೊಡ್ಡ ಮಾತು ಆಮೇಲೆ ಬಂತು. ಇಂಥ ಬಣ್ಣ ಮಾಡಿದವರು ಯಾರು ಎಂದು ಕೇಳಿದರು. ಅಮ್ಮ ಗದ್ದ ಎತ್ತಿ ಅತ್ತಿಗೆಯ ಕಡೆ ತೋರಿಸಿದಳು. ಕಾಲೋನಿಯ ಹೆಂಗಸರ ಕ್ಲಬ್ಬಿಗೆ ವಾರಕ್ಕೆ ಎರಡು ದಿನ ಬಂದು ಕಲಿಸಿಕೊಡಬೇಕು, ಜೀಪು ಕಳಿಸುತ್ತೇನೆ ಎಂದು ಮೇಡಂ ಅಪ್ಪನನ್ನು ಕೇಳಿದರು. ಅಪ್ಪ ಗೌರವಕ್ಕೆ ಇಲ್ಲ ಅನ್ನಲಾರದೆ, "ಈ ನಾಕ್ ಡಜನ್ನು ಅಂಗೇ ಬರ್ಲಿ ತಾಯಿ, ನೋಡನ," ಎಂದರು. ಅಪ್ಪನ ಲೆಕ್ಕದಲ್ಲಿ ಮೊದಲ ಡಜನ್ ಎಂದರೆ ಅಲ್ಲಾಡಿಸದ ಕಾಯಿ. ಮದುವೆಯಾದ ಮೇಲೆ ಅತ್ತಿಗೆ ತವರು ಬಿಟ್ಟರೆ ಬೇರೆಲ್ಲಿಗೂ ಒಬ್ಬಳೇ ಹೋದವಳಲ್ಲ. ಆವತ್ತು ಸಂಜೆ ಹೂ ಕಟ್ಟುತ್ತ, "ವಾರಕ್ಕೆರಡು ದಿನ ಕಣಮ್ಮ. ಮಂಗಳವಾರ, ಶುಕ್ರವಾರ ಅಂತೆ," ಎಂದು ಎರಡು ಸಲ ಹೇಳಿದಳು. ಅವಳ ಮುಖ ನೋಡಬೇಕಿತ್ತು.

ನಾನು ನೋಡಿದೆ. ನನ್ನ ಹೊಟ್ಟೆ ಉರಿಯಿತು. ಸುಳ್ಳು ಹೇಳಿ ಏನು ಪ್ರಯೋಜನ? ತರಬೇತಿಗೆ ಹೋಗಿ ಬಂದವಳು ನಾನು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದವಳು ನಾನು, ಜೀಪು ಬರುವುದು ಮಾತ್ರ ಏಳನೇ ಕ್ಲಾಸು ಓದಿದ ಅತ್ತಿಗೆಗೆ.

ನಾಲ್ಕು ಡಜನ್‌ಗೆ ಕೂತೆವು. ನೋಟ್‌ಬುಕ್ಕಿನಲ್ಲಿ ಬರೆದಷ್ಟೇ ಕೆಂಪು, ಅಷ್ಟೇ ಅರಿಸಿನ, ಅಷ್ಟೇ ನೀಲಿ. ಬಂದದ್ದು ಬೀಟ್‌ರೂಟ್ ಸಾರಿನ ಬಣ್ಣ. ಅರಿಸಿನ ಮತ್ತೆ ತಳದಲ್ಲಿ. ಮೇಣವನ್ನು ಮತ್ತೆ ಕರಗಿಸಿ ಅರಿಸಿನ ಹೆಚ್ಚಿಸಿದೆವು, ಮಡ್ಡಿಯೂ ಹೆಚ್ಚಿತು. ಎರಡು ಸಲ, ಮೂರು ಸಲ. ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಸ್ವಭಾವಕ್ಕೆ ತಕ್ಕ ಹಾಗೆ ಅನುಮಾನಪಟ್ಟರು. ಜೀಪು ಬಂದದ್ದನ್ನು ಎದುರು ಮನೆಯವರು ನೋಡಿದರು, ಅವರ ಕಣ್ಣು ತಾಗಿದೆ ಎಂದು ಅಮ್ಮ ಮೇಣದ ಪಾತ್ರೆಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾವೆಲ್ಲ ಕೆಮ್ಮಿದೆವು, ಬಣ್ಣ ಬರಲಿಲ್ಲ. ಎರಡನೆಯ ಸಲದ ಕೆಂಪು ಪುಡಿಯನ್ನು ತಿಪಟೂರಿನಿಂದ ತರಿಸಿದ್ದೆವು, ಅದರಲ್ಲಿ ಇಟ್ಟಿಗೆ ಪುಡಿ ಬೆರೆಸಿದ್ದಾರೆ ಎಂದು ಅಪ್ಪ. ಅಣ್ಣನೊಬ್ಬನಿಗೆ ಯಾರ ಮೇಲೂ ಅನುಮಾನವಿರಲಿಲ್ಲ. "ಬೀಟ್ರೂಟ್ ಬಣ್ಣ ಆದ್ರೇನಮ್ಮ, ಉರಿಯಾಕಿಲ್ವಾ?" ಎಂದ. ಅವನು ಈ ಮನೆಯಲ್ಲಿ ಹೇಗೆ ಹುಟ್ಟಿದನೋ ಗೊತ್ತಿಲ್ಲ.

ನನ್ನ ಅನುಮಾನ ಅತ್ತಿಗೆಯ ಮೇಲೆ. ಅವಳು ಏನನ್ನೋ ಮುಚ್ಚಿಟ್ಟಿದ್ದಾಳೆ. ಏನನ್ನೋ ಒಂದನ್ನು ಹಾಕಿದ್ದಾಳೆ, ಅದನ್ನು ನನಗೆ ಹೇಳಿಲ್ಲ. ಹೇಳಿದರೆ ಜೀಪಿನಲ್ಲಿ ನಾನು ಹೋಗಿಬಿಡುತ್ತೇನೆ ಎಂದು ಅವಳಿಗೆ ಭಯ. ಹೀಗೆ ಅಂದುಕೊಂಡ ಮೇಲೆ ಸಾಕ್ಷಿಗಳು ತಾವಾಗಿಯೇ ಬಂದು ಸಾಲಾಗಿ ನಿಂತವು. ಒಲೆಗೆ ಕಾಯಿ ಸುಲಿದ ಮಟ್ಟೆ ತರುತ್ತೇನೆ ಎಂದು ಅಟ್ಟ ಹತ್ತಿದರೆ ಇಳಿಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಇಳಿದಾಗ ಸೆರಗಿನ ತುದಿಯಲ್ಲಿ ಒಂದು ಗಂಟು. ನಾನು ಕೂಗಿದರೆ ತಕ್ಷಣ ಓಗೊಡುವುದಿಲ್ಲ, ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಉತ್ತರ. ಕೋಣೆಯಲ್ಲಿದ್ದ ಅವಳ ತವರಿನ ಕಬ್ಬಿಣದ ಪೆಟ್ಟಿಗೆಗೆ ಯಾವಾಗಲೂ ಬೀಗ. ಇದೆಲ್ಲ ಮೊದಲಿನಿಂದಲೂ ಇತ್ತೋ, ಆಗ ಶುರುವಾಯಿತೋ ಎಂದು ನಾನು ಯೋಚಿಸಲಿಲ್ಲ.

ಹಾಗಾಗಿ ಕಾವಲಿಗೆ ನಿಂತೆ. ಬಣ್ಣ ಅರೆಯುವಾಗ ಅವಳನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಲಿಲ್ಲ. ಕಲ್ಲು ನನ್ನ ಕೈಯಲ್ಲೇ ಇರುತ್ತಿತ್ತು. ಅವಳು ಕರಟದ ಕಡೆ ಕೈ ಚಾಚಿದರೆ ನಾನೂ ಬಗ್ಗುತ್ತಿದ್ದೆ.

"ನೀನ್ ಸ್ವಲ್ಪ ಹೊರಿಕ್ಕೋಗಿ ಕುಂತ್ಕ ಸರೋಜ. ನಾನೊಬ್ಬಳೇ ಒಂದ್ಸಲ ನೋಡ್ತೀನಿ," ಎಂದಳು ಒಂದು ದಿನ.

"ಯಾಕೆ ಅತ್ತಿಗೆ? ನಾನಿದ್ರೆ ಬಣ್ಣ ಬರಾಕಿಲ್ವಾ?"

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಯಾವ ದನಿಯಲ್ಲಿ ಕೇಳಿದೆನೆಂದು ಅವಳಿಗೆ ತಿಳಿಯಿತು. "ಬುಡು," ಎಂದು ಎದ್ದು ಹೋದಳು. ಆವತ್ತಿನಿಂದ ನಾವಿಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ತಲೆ ಬಾಚಿಕೊಂಡೆವು.

ನಾಲ್ಕು ಡಜನ್ ಕೊಡಬೇಕೆಂದು ಮೇಡಂ ಹೇಳಿದ್ದ ದಿನಕ್ಕೆ ಇನ್ನು ಎರಡೇ ದಿನವಿತ್ತು. ಮಧ್ಯಾಹ್ನ ಅತ್ತಿಗೆ ಬಟ್ಟೆ ಒಗೆಯಲು ಬಾವಿಗೆ ಹೋಗಿದ್ದಳು. ಕೋಣೆಯ ಗೂಟಕ್ಕೆ ಅವಳು ಬಿಚ್ಚಿ ಹಾಕಿದ್ದ ಸೀರೆ ನೇತಾಡುತ್ತಿತ್ತು. ಸೆರಗಿನ ಗಂಟಿನಲ್ಲಿ ಬೀಗದಕೈ. ತಪ್ಪು ಮಾಡುತ್ತಿದ್ದೇನೆ ಅನ್ನಿಸಲಿಲ್ಲ, ನ್ಯಾಯದ ಪರ ಇದ್ದೇನೆ ಎಂದೇ ಅನ್ನಿಸಿತು. ಪೆಟ್ಟಿಗೆಯಲ್ಲಿ ಮದುವೆಯ ಸೀರೆ, ಅವಳಪ್ಪನ ಒಂದು ಫೋಟೋ, ಅರಿಸಿನ ಕುಂಕುಮದ ಭರಣಿ. ಸೀರೆಯ ಮಡಿಕೆಯೊಳಗೆ ಹಳೇ ಪಂಚೆಯ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು. ಮುಷ್ಟಿಗಾತ್ರ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಲೊಟಗುಟ್ಟಿತು. ಸಿಕ್ಕಿತು, ಅಂದುಕೊಂಡೆ.

ಅಲ್ಲೇ ಬಿಚ್ಚಿ ನೋಡಿ ಸುಮ್ಮನಿದ್ದಿದ್ದರೆ ಇವತ್ತು ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನನಗೆ ಸಭೆ ಬೇಕಿತ್ತು. ಗಂಟನ್ನು ತಂದು ಪಡಸಾಲೆಯ ಮಧ್ಯೆ ಇಟ್ಟೆ. ಅಪ್ಪ ಕಾಫಿ ಕುಡಿಯುತ್ತಿದ್ದರು. ಅಮ್ಮ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಅಣ್ಣ ಆಗತಾನೇ ತೋಟದಿಂದ ಬಂದು ಕಂಬಕ್ಕೆ ಒರಗಿದ್ದ. "ಬಣ್ಣ ಯಾಕೆ ಬರ್ತಿಲ್ಲ ಅಂತೀರಲ್ಲ, ನೋಡಿ ಇಲ್ಲಿ," ಎಂದೆ. ಅಷ್ಟರಲ್ಲಿ ಅತ್ತಿಗೆ ಒದ್ದೆ ಬಟ್ಟೆಯ ಬಕೀಟು ಹಿಡಿದು ಹಿತ್ತಲ ಬಾಗಿಲಿನಿಂದ ಬಂದಳು. ಅವಳು ಗಂಟನ್ನು ನೋಡಿದ ಮೇಲೆ ನಾನು ಅದನ್ನು ಬಿಚ್ಚಿದೆ.

ಅರ್ಧ ಕೊಬ್ಬರಿ ಮತ್ತು ಎರಡು ಚೂರು ಬೆಲ್ಲ. ಅವು ಒಂದಕ್ಕೊಂದು ತಾಗಿ ಸದ್ದು ಮಾಡಿದ್ದವು. ಕೊಬ್ಬರಿಯ ಅಂಚಿನಲ್ಲಿ ಹಲ್ಲಿನ ಗುರುತಿತ್ತು.

ಅತ್ತಿಗೆ ಬಕೀಟನ್ನು ಕೆಳಗಿಟ್ಟಳು. "ಮದ್ಯಾನದ ಹೊತ್ತು ಹೊಟ್ಟೆ ಹಸೀತಿತ್ತು ಮಾವ," ಎಂದಳು. ಅಷ್ಟೇ.

ನಮ್ಮ ಮನೆಯ ರೀತಿ ನಿಮಗೆ ಹೇಳಬೇಕು. ಅಟ್ಟದ ಮೇಲೆ ಸಾವಿರಾರು ಕಾಯಿ ಇದ್ದರೂ ಉಂಡೆ ಕೊಬ್ಬರಿ ಎಂದರೆ ಅದು ಮಾಲು, ತಿನ್ನುವ ಪದಾರ್ಥವಲ್ಲ. ಸಂಕ್ರಾಂತಿಯ ಎಳ್ಳಿಗೆ ಬಿಟ್ಟರೆ ಯಾರೂ ಮುಟ್ಟುತ್ತಿರಲಿಲ್ಲ. ಯಾರೂ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ನಾನು ಚಿಕ್ಕವಳಿದ್ದಾಗ ಶಾಲೆಯಿಂದ ಬಂದರೆ ಅಪ್ಪ ಒಡಕು ಕೊಬ್ಬರಿಯ ಒಂದು ಹೋಳು, ಒಂದು ಅಚ್ಚು ಬೆಲ್ಲ ಕೊಡುತ್ತಿದ್ದರು. ದೊಡ್ಡವಳಾದ ಮೇಲೂ ಕೇಳಿದರೆ ಕೊಡುತ್ತಿದ್ದರು. ನಾನು ಕೇಳುತ್ತಿದ್ದೆ. ಸೊಸೆಯೂ ಕೇಳಬಹುದು ಎಂದು ಮೂರು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಎಲ್ಲರ ಊಟವಾಗಿ ಉಳಿದದ್ದರಲ್ಲಿ ಅವಳ ಊಟ. ಒಂದೊಂದು ದಿನ ಏನು ಉಳಿಯುತ್ತಿತ್ತೋ, ನಾನು ಪಕ್ಕದಲ್ಲೇ ಕೂತು ಸುದ್ದಿ ಹೇಳುತ್ತಿದ್ದೆನಲ್ಲ, ನನಗೆ ಗೊತ್ತಿಲ್ಲ.

ಅಪ್ಪ ಬಗ್ಗಿ ಆ ಅರ್ಧ ಕೊಬ್ಬರಿಯನ್ನು ಎತ್ತಿಕೊಂಡರು. ಅಭ್ಯಾಸಬಲದಿಂದ ಮೂಗಿಗೆ ಹಿಡಿದರು. ಒಳಗೆ ಕೆಟ್ಟು, ಮಾಲಿನಿಂದ ತೆಗೆದು ಬೇರೆ ಹಾಕಿದ ಕೊಬ್ಬರಿಗೆ ನಮ್ಮಲ್ಲಿ ಕೌಟು ಎನ್ನುತ್ತಾರೆ. ಎಣ್ಣೆಗೆ ಮಾತ್ರ ಹೋಗುವಂಥದ್ದು, ಬಾಯಿಗಿಟ್ಟರೆ ಗಂಟಲು ಕೆರೆಯುತ್ತದೆ.

"ಇದು ಕೌಟು ಕಣಮ್ಮ," ಎಂದರು ಅಪ್ಪ. ಅವರ ದನಿ ನಾನು ಯಾವತ್ತೂ ಕೇಳಿರದಂಥದ್ದು. "ಒಳ್ಳೇದು ತಗೋಬಾರದಾಗಿತ್ತಾ?"

"ಒಳ್ಳೇದ್ರಲ್ಲಿ ಒಂದ್ ಕಮ್ಮಿ ಆದ್ರೆ ನಿಮ್ಗೆ ಗೊತ್ತಾಗುತ್ತಲ್ಲ ಮಾವ," ಎಂದಳು ಅತ್ತಿಗೆ.

ಅಣ್ಣ ಕಂಬದಿಂದ ಸರಿದು, ಹೆಂಡತಿಯ ಪಕ್ಕದಲ್ಲಿದ್ದ ಬಕೀಟನ್ನು ಎತ್ತಿಕೊಂಡು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದ. ನಮ್ಮ ಮನೆಯಲ್ಲಿ ಗಂಡಸು ಬಟ್ಟೆ ಒಣಹಾಕಿದ್ದು ಅದೇ ಮೊದಲು. ಅಮ್ಮ ಮೊರ ಕೆಳಗಿಟ್ಟು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಎತ್ತಿಕೊಂಡಳು.

ಬಣ್ಣದ ಗುಟ್ಟನ್ನು ಅತ್ತಿಗೆಯೇ ಹೇಳಿದಳು, ಯಾರೂ ಕೇಳದೆ. "ಆವತ್ತು ನೀನು ಸದ್ದಿಲ್ದಂಗೆ ಬಂದ್ಬುಟ್ಟೆ. ಬಾಯಲ್ಲಿದ್ದದ್ದು ನುಂಗಾಕಾಗ್ಲಿಲ್ಲ. ಕೈಯಲ್ಲಿದ್ದ ಚೂರ್ನ ಕರಟಕ್ಕೆ ಹಾಕಿ ಬಣ್ಣದ ಜತೇಲೇ ಅರ್‍ದುಬುಟ್ಟೆ, ನಿಂಗೆ ಕಾಣದಂಗೆ. ಅದ್ರಿಂದ್ಲೇ ಬಂತು ಬಣ್ಣ. ಆಮ್ಯಾಕೆ ಇನ್ನೊಂದ್ಸಲ ಹಾಕನ ಅಂದ್ರೆ ನೀನು ಬುಡ್ಲಿಲ್ಲ."

"ಹೇಳಬಾರ್ದಾಗಿತ್ತಾ ನಮ್ಮವ್ವ," ಎಂದಳು ಅಮ್ಮ.

"ಏನಂತ ಹೇಳ್ಲಿ ಅತ್ತೆ? ಕೊಬ್ರಿ ಎಲ್ಲಿಂದ ಬಂತು ಅಂತ ಕೇಳ್ತಿದ್ರಿ."

ಕೇಳುತ್ತಿದ್ದೆವು. ಎಲ್ಲರಿಗಿಂತ ಮೊದಲು ನಾನು ಕೇಳುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಯೋಚಿಸಿದಾಗ ಅದರ ಮರ್ಮ ಹೊಳೆಯಿತು. ಅರಿಸಿನದ ಬಣ್ಣ ಮೇಣದಲ್ಲಿ ಬಿಡುವುದಿಲ್ಲ, ಎಣ್ಣೆಯಲ್ಲಿ ಬಿಡುತ್ತದೆ. ಅದು ನಾವು ದಿನವೂ ಒಗ್ಗರಣೆಯಲ್ಲಿ ನೋಡುವ ಸಂಗತಿ. ಒಲೆಯ ಪಕ್ಕದ ಬಿಸಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಅರಿಸಿನ ಅದರಲ್ಲಿ ಕರಗಿ, ಕೆಂಪಿನ ಜೊತೆ ಹೊಂದಿಕೊಂಡಿತ್ತು. ಒಂದು ಹನಿ ಎಣ್ಣೆಯೂ ಬೀಳಬಾರದು ಎಂದು ಎರಡು ಗೆರೆ ಎಳೆದುಕೊಂಡ ನನಗೆ ಅದು ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ನನ್ನ ಅನುಮಾನವೇನೋ ನಿಜವಾಗಿತ್ತು. ಅತ್ತಿಗೆ ಒಂದನ್ನು ಮುಚ್ಚಿಟ್ಟಿದ್ದು ಹೌದು, ನನ್ನ ಮುಂದೆ ಬಾಯಿ ಬಿಡದಿದ್ದದ್ದೂ ಹೌದು. ಸುಳ್ಳಾಗಿದ್ದರೆ ಕ್ಷಮೆ ಕೇಳುವುದು ಸುಲಭವಿತ್ತು. ನಿಜವಾಗಿದ್ದರಿಂದ ಏನಂತ ಕ್ಷಮೆ ಕೇಳಬೇಕೆಂದೇ ನನಗೆ ತಿಳಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಪ್ಪ ತಾವೇ ಅಟ್ಟ ಹತ್ತಿ, ಹತ್ತಿಪ್ಪತ್ತು ಕಾಯಿ ಅಲ್ಲಾಡಿಸಿ ನೋಡಿ, ಒಂದನ್ನು ಆರಿಸಿ ಸುಲಿದು, ಚಿಪ್ಪು ತೆಗೆದು, ಬಿರುಕಿಲ್ಲದ ಉಂಡೆಯನ್ನು ಬಚ್ಚಲುಮನೆಯ ಹೊಸಿಲ ಮೇಲೆ ಇಟ್ಟು ಹೋದರು. ಅತ್ತಿಗೆ ಅದನ್ನು ಒಡೆದು, ಬೇಕಾದಷ್ಟನ್ನು ಕರಟಕ್ಕೆ ಹಾಕಿ ಅರೆದಳು. ನಾನು ಹೊರಗೆ ಕೂತಿದ್ದೆ, ಅವಳು ಹೇಳದಿದ್ದರೂ. ಸಂಜೆಯೊಳಗೆ ನಾಲ್ಕು ಡಜನ್ ಮಾವಿನ ಚಿಗುರು ಸಿದ್ಧವಾಯಿತು. ಉಳಿದ ಕೊಬ್ಬರಿಯನ್ನು ಅವಳು ತಿನ್ನಲಿಲ್ಲ. ತೊಳೆದು ಒರೆಸಿ ಅಡುಗೆಮನೆಯ ಗೂಡಿನಲ್ಲಿಟ್ಟಳು.

ಬತ್ತಿಗಳು ಕಾಲೋನಿಗೆ ತಲುಪಿದವು, ಮಂಗಳವಾರ ಜೀಪು ಬಂತು. ಅತ್ತಿಗೆ ಹೋಗಲಿಲ್ಲ. ಅಪ್ಪ ಹೋಗು ಎಂದರು, ಅಣ್ಣ ಬೇಡಿಕೊಂಡ, ಅಮ್ಮ ತನ್ನ ಒಳ್ಳೆಯ ಸೀರೆ ತಂದುಕೊಟ್ಟಳು. "ಹೋದ್ರೆ ಮೊದಲ್ನೇ ದಿನವೇ ಕೇಳ್ತಾರೆ, ಮೇಣಕ್ಕೆ ಕೊಬ್ರಿ ಹಾಕ್ಬೇಕು ಅಂತ ನಿಮ್ಗೆ ಹೆಂಗೆ ಹೊಳೀತು ಅಂತ. ನಾನೇನು ಹೇಳ್ಲಿ?" ಎಂದಳು ಅತ್ತಿಗೆ. ಜೀಪಿನ ಡ್ರೈವರ್ ಹೊರಗೆ ಹಾರನ್ ಹೊಡೆಯುತ್ತಿದ್ದ. ಕಳಿಸಿದ ಜೀಪನ್ನು ಖಾಲಿ ವಾಪಸ್ ಕಳಿಸಿದರೆ ಚೆನ್ನಾಗಿರುವುದಿಲ್ಲ ಎಂದು ಅಮ್ಮ.

ಹೋದವಳು ನಾನು. ಮದುವೆಯಾಗುವವರೆಗೆ ಏಳೆಂಟು ತಿಂಗಳು, ಮಂಗಳವಾರ, ಶುಕ್ರವಾರ ಹೋದೆ. ಕೊಬ್ಬರಿ ಹಾಕಿ ಬಣ್ಣ ಬೆರೆಸುವುದನ್ನು ಕಲಿಸಿದೆ. ಹೇಗೆ ಹೊಳೆಯಿತು ಎಂದು ಅವರು ಕೇಳಿಯೇ ಕೇಳಿದರು. "ಏನೋ, ಹಾಗೇ ಹೊಳೀತು," ಎಂದೆ. ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳಿದ್ದೇನೆ.

ನಾನು ಗಂಟು ಬಿಚ್ಚಿದ ದಿನದಿಂದ ಅತ್ತಿಗೆ ತನ್ನ ಪೆಟ್ಟಿಗೆಗೆ ಬೀಗ ಹಾಕಲಿಲ್ಲ. ಬೀಗ ಇರಲಿ, ಮುಚ್ಚಳವನ್ನೇ ಮುಚ್ಚಲಿಲ್ಲ. ಗೋಡೆಗೆ ಒರಗಿಸಿ ತೆರೆದಿಟ್ಟಳು. ನಾನು ಕೋಣೆಗೆ ಹೋದಾಗಲೆಲ್ಲ ಮದುವೆಯ ಸೀರೆ, ಅವಳಪ್ಪನ ಫೋಟೋ, ಕುಂಕುಮದ ಭರಣಿ ಎಲ್ಲವೂ ಬೇಕಾದಷ್ಟು ನೋಡಿಕೋ ಎನ್ನುವಂತೆ ಕಾಣುತ್ತಿದ್ದವು. ಅದರ ಎದುರು ತಲೆ ಬಾಚಿಕೊಳ್ಳುವುದು ನನಗೆ ಎಷ್ಟು ಕಷ್ಟವಾಗುತ್ತಿತ್ತೆಂದರೆ, ಬೇಗ ಮದುವೆಯಾಗಿ ಹೋದರೆ ಸಾಕು ಎನ್ನಿಸಿತ್ತು.

ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಅತ್ತಿಗೆಯದೇ ಯಜಮಾನಿಕೆ. ಮೇಣದಬತ್ತಿ ಸಿಕ್ಕ ವಾರವೇ ಬಸ್ಸು ಹತ್ತಿ ಊರಿಗೆ ಹೋದೆ. ಹೋದಾಗಲೆಲ್ಲ ಅವಳದೊಂದು ಪದ್ಧತಿ. ಕಾಲು ತೊಳೆದು ಕೂತ ಕೂಡಲೇ ಒಂದು ಉಂಡೆ ಕೊಬ್ಬರಿ ತಂದು, ಎರಡು ಹೋಳು ಮಾಡಿ, ಒಂದನ್ನು ಬೆಲ್ಲದ ಜೊತೆ ನನ್ನ ತಟ್ಟೆಗೆ ಹಾಕಿ, ಇನ್ನೊಂದನ್ನು ನನ್ನೆದುರೇ ಕೂತು ತಿನ್ನುತ್ತಾಳೆ. ಅವಸರವಿಲ್ಲದೆ, ಚೆನ್ನಾಗಿ ಅಗಿದು. ಇದು ಪ್ರೀತಿಯೋ, ಉತ್ತರವೋ ಎಂದು ನಲವತ್ತು ವರ್ಷದಿಂದ ನನಗೆ ಅನುಮಾನ. ಈ ಸಲ ಕೇಳಿಬಿಡೋಣ ಎಂದೇ ಹೋಗಿದ್ದೆ. ಬತ್ತಿಯ ತುಂಡನ್ನು ತೆಗೆದು ಅವಳ ಕೈಗಿಟ್ಟೆ. ಅವಳು ಕನ್ನಡಕ ಏರಿಸಿ ನೋಡಿದಳು, ಮೂಸಿ ನೋಡಿ ನಕ್ಕಳು. ಆ ನಗುವಿನಿಂದ ನನಗೆ ಧೈರ್ಯ ಬಂತು.

"ಅತ್ತಿಗೆ, ನನ್ ಮೇಲೆ ಇನ್ನೂ ಬ್ಯಾಸರ ಐತಾ?"

"ಮೊದ್ಲು ತಿನ್ನು ಕಣಮ್ಮ," ಎಂದು ಹೋಳನ್ನು ನನ್ನ ಕೈಗೇ ಕೊಟ್ಟಳು. "ಈ ವರ್ಷದ್ದು. ಚೆನ್ನಾಗೈತೆ."

ನಾನು ಅದನ್ನು ಇಸಿದುಕೊಂಡೆ. ಬಾಯಿಗಿಡುವ ಮೊದಲು, ನನಗೇ ಗೊತ್ತಿಲ್ಲದಂತೆ, ಮೂಗಿಗೆ ಹಿಡಿದಿದ್ದೆ. ಅವಳು ಅದನ್ನು ನೋಡಿದಳು. ನನ್ನ ಕೈಯಿಂದ ಆ ಹೋಳನ್ನು ತೆಗೆದುಕೊಂಡು ತಾನು ಒಂದು ತುಣುಕು ಕಚ್ಚಿ ತಿಂದು, ಹಲ್ಲಿನ ಗುರುತಿದ್ದ ಆ ಕೊಬ್ಬರಿಯನ್ನು ಮತ್ತೆ ನನ್ನ ಕೈಗೆ ಕೊಟ್ಟಳು.